ತುಳು ವರ್ತಮಾನಕಾಲದ ಪುರುಷಪ್ರತ್ಯಯಗಳು ಮತ್ತು ಕನ್ನಡ ಲಿಪಿ: ಪುತ್ತೂರು, ಸುಳ್ಯ, ಕಡಬ ಪರಿಸರದ ಒಂದು ವಿವೇಚನೆ

1. ಮೂರು ವಾಕ್ಯಗಳು

ಪಿಎಚ್.ಡಿ. ಅಧ್ಯಯನದ ಕಾಲದ ನನ್ನ ಕ್ಷೇತ್ರಕಾರ್ಯದ ಪುಸ್ತಕವೊಂದರಲ್ಲಿ, ಸುಳ್ಯ ತಾಲೂಕಿನ ಅಡಿಕೆ ಕೃಷಿಕರೊಬ್ಬರ ಮಾತಿನಿಂದ ಬರೆದುಕೊಂಡ ಮೂರು ಕಿರುವಾಕ್ಯಗಳಿವೆ:

(1) ಮಗೆ ಕುಡ್ಲಡ್ ಉಲ್ಲೆ. ಐತಾರ ಬರ್ಪೆ. ತೋಟದ ಬೇಲೆ ಮಲ್ಪುವೆ.

ಮೊದಲ ವಾಕ್ಯದ ಅರ್ಥ ಸ್ಪಷ್ಟ: ‘ಮಗ ಮಂಗಳೂರಿನಲ್ಲಿದ್ದಾನೆ’. ಎರಡನೆಯದು ಸಂದರ್ಭದಿಂದ ತಿಳಿಯುತ್ತದೆ: ‘ಆದಿತ್ಯವಾರ ಬರುತ್ತಾನೆ’. ಮೂರನೆಯದರಲ್ಲಿ ತೊಡಕು. ‘ತೋಟದ ಕೆಲಸ ಮಾಡುತ್ತಾನೆ’ ಎಂದೂ ಓದಬಹುದು, ‘ತೋಟದ ಕೆಲಸ ಮಾಡುತ್ತೇನೆ’ ಎಂದೂ ಓದಬಹುದು. ವಾರಕ್ಕೊಮ್ಮೆ ಬರುವ ಮಗ ಬಂದ ದಿನ ತೋಟಕ್ಕಿಳಿಯುತ್ತಾನೆಯೆ, ಅಥವಾ ಮಗ ದೂರದಲ್ಲಿರುವುದರಿಂದ ತಂದೆಯೇ ತೋಟವನ್ನು ನೋಡಿಕೊಳ್ಳುತ್ತಾರೆಯೆ? ನನ್ನ ಬರೆಹ ಎರಡಕ್ಕೂ ಸಮನಾಗಿ ಒಗ್ಗುತ್ತದೆ. ಅವರು ಆಡಿದ ಮಾತು ಮಾತ್ರ ಎರಡರಲ್ಲಿ ಒಂದಕ್ಕಷ್ಟೇ ಒಗ್ಗುವಂಥದ್ದಾಗಿತ್ತು.

ನನ್ನ ಪ್ರಬಂಧದ ವಿಷಯ ತುಳುವಿನಲ್ಲಿ ಕರ್ತೃಪದದ ಲೋಪ. ಮೂರನೆಯ ವಾಕ್ಯದ ಕರ್ತೃ ‘ಮಗ’ನಾದರೆ ಅದು ಸಾಮಾನ್ಯ ಸಂಗತಿ: ಹಿಂದಿನ ವಾಕ್ಯದ ಕರ್ತೃವೇ ಮುಂದುವರಿದಿದ್ದಾನೆ, ಆದುದರಿಂದ ಸರ್ವನಾಮ ಬೇಕಾಗಿಲ್ಲ. ಕರ್ತೃ ‘ನಾನು’ ಆದರೆ ಕಥೆಯೇ ಬೇರೆ. ಕರ್ತೃ ಬದಲಾಗಿದೆ, ಆದರೂ ಸರ್ವನಾಮ ಬಂದಿಲ್ಲ. ಬದಲಾವಣೆಯ ಹೊರೆಯನ್ನೆಲ್ಲ ಕ್ರಿಯಾಪದದ ಕೊನೆಯ ಒಂದು ಸ್ವರವೇ ಹೊತ್ತಿದೆ. ಪ್ರಬಂಧದ ಮುಖ್ಯ ಪ್ರಶ್ನೆಗೆ ಈ ಎರಡು ವಿಶ್ಲೇಷಣೆಗಳು ಒಂದಕ್ಕೊಂದು ವಿರುದ್ಧವಾದ ಸಾಕ್ಷ್ಯ ನೀಡುತ್ತವೆ. ಆ ಸಂದರ್ಶನದ ಮೆಮೊರಿ ಕಾರ್ಡ್ ಕೆಟ್ಟುಹೋಯಿತು. ಮಾತನಾಡಿದ ಹಿರಿಯರು ಈಗಿಲ್ಲ. ಉಳಿದಿರುವುದು ನಾನು ಕನ್ನಡ ಲಿಪಿಯಲ್ಲಿ ಬರೆದುಕೊಂಡ ಸಾಲು ಮಾತ್ರ.

ಇದು ನನ್ನೊಬ್ಬರ ಅಜಾಗರೂಕತೆಯಾಗಿದ್ದರೆ ಇಲ್ಲಿ ಹೇಳಬೇಕಾಗಿರಲಿಲ್ಲ. ಆದರೆ ಕನ್ನಡ ಲಿಪಿಯಲ್ಲಿ ತುಳುವನ್ನು ಬರೆದುಕೊಳ್ಳುವ ಪ್ರತಿಯೊಬ್ಬ ಸಂಶೋಧಕನ ಸಾಮಗ್ರಿಯಲ್ಲೂ ಇದೇ ತೊಡಕು ಇರುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲ. ಬರೆದ ರೂಪ ವ್ಯಾಕರಣದೃಷ್ಟಿಯಿಂದ ತಪ್ಪಿಲ್ಲದೆ, ಓದಲು ಸರಾಗವಾಗಿಯೇ ಇರುತ್ತದೆ.

2. ರೂಪಾವಳಿ

ವಿವೇಚನೆಗಾಗಿ ಒಂದು ಸಂಕೇತವನ್ನು ಇಟ್ಟುಕೊಳ್ಳೋಣ. ಬಾಯಿ ಹೆಚ್ಚು ತೆರೆದು, ನಾಲಗೆಯನ್ನು ತಗ್ಗಿಸಿ ಉಚ್ಚರಿಸುವ ವಿವೃತ ಎಕಾರದ ಮುಂದೆ (ʼ) ಎಂಬ ಗುರುತನ್ನು ಹಾಕುತ್ತೇನೆ. ಗುರುತಿಲ್ಲದ ಎಕಾರ ಕನ್ನಡದ ಎಕಾರದಂತೆ ಸಂವೃತ. ಇಂಗ್ಲಿಷ್ ಬಲ್ಲವರಿಗೆ ‘ಮ್ಯಾನ್’ ಮತ್ತು ‘ಮೆನ್’ ಪದಗಳ ಸ್ವರಗಳ ನಡುವಿನ ಅಂತರವನ್ನು ನೆನಪಿಸಿದರೆ ಸಾಕು. ತುಳುವಿನ ವ್ಯತ್ಯಾಸ ಹೆಚ್ಚುಕಡಿಮೆ ಅದೇ. ‘ಮಲ್ಪು’ (ಮಾಡು) ಧಾತುವಿನ ವರ್ತಮಾನಕಾಲದ ರೂಪಗಳು ಹೀಗಿವೆ:

ಯಾನ್ ಮಲ್ಪುವೆʼ (ನಾನು ಮಾಡುತ್ತೇನೆ)
ಎಂಕುಲು, ನಮ ಮಲ್ಪುವ (ನಾವು ಮಾಡುತ್ತೇವೆ)
ಈ ಮಲ್ಪುವ (ನೀನು ಮಾಡುತ್ತೀ)
ನಿಕುಲು ಮಲ್ಪುವರ್ (ನೀವು ಮಾಡುತ್ತೀರಿ)
ಆಯೆ ಮಲ್ಪುವೆ (ಅವನು ಮಾಡುತ್ತಾನೆ)
ಆಳ್ ಮಲ್ಪುವಳ್ (ಅವಳು ಮಾಡುತ್ತಾಳೆ)
ಆರ್, ಅಕುಲು ಮಲ್ಪುವೆರ್ (ಅವರು ಮಾಡುತ್ತಾರೆ)
ಅವು ಮಲ್ಪುಂಡು (ಅದು ಮಾಡುತ್ತದೆ)

‘ಎಂಕುಲು’ ಕೇಳುಗನನ್ನು ಹೊರಗಿಟ್ಟ ‘ನಾವು’, ‘ನಮ’ ಒಳಗೊಂಡ ‘ನಾವು’. ಕ್ರಿಯಾಪದ ಈ ಭೇದವನ್ನು ಗಣಿಸುವುದಿಲ್ಲ. ಸ್ತ್ರೀಲಿಂಗದ ಕೊನೆಯಲ್ಲಿ ಳಕಾರವೋ ಲಕಾರವೋ ಎಂಬುದು ಪ್ರದೇಶ ಮತ್ತು ಸಮುದಾಯಗಳಿಗೆ ಅನುಗುಣವಾಗಿ ಬದಲಾಗುತ್ತದೆ. ಅದು ಈ ಲೇಖನದ ವ್ಯಾಪ್ತಿಗೆ ಸೇರಿಲ್ಲ.

ಈ ರೂಪಾವಳಿಯಲ್ಲಿ ಎರಡು ರೂಪಸಾಮ್ಯಗಳು ಕಾಣುತ್ತವೆ. ‘ಈ ಮಲ್ಪುವ’ ಮತ್ತು ‘ಎಂಕುಲು ಮಲ್ಪುವ’: ಮಧ್ಯಮಪುರುಷ ಏಕವಚನವೂ ಉತ್ತಮಪುರುಷ ಬಹುವಚನವೂ ಒಂದೇ. ಇದು ನುಡಿಯೊಳಗಿನ ನಿಜವಾದ ರೂಪಸಾಮ್ಯ. ಕಿವಿಗೆ ಎರಡೂ ಒಂದೇ ಆಗಿ ಕೇಳುತ್ತವೆ, ಭಾಷಿಕರು ಸಂದರ್ಭದಿಂದಲೋ ಸರ್ವನಾಮದಿಂದಲೋ ಬೇರ್ಪಡಿಸಿಕೊಳ್ಳುತ್ತಾರೆ. ಇನ್ನೊಂದು, ಮೇಲಿನ ಗುರುತನ್ನು ತೆಗೆದುಹಾಕಿದರೆ ಕಾಣಿಸುವ ‘ಯಾನ್ ಮಲ್ಪುವೆ’, ‘ಆಯೆ ಮಲ್ಪುವೆ’. ಇದು ನುಡಿಯಲ್ಲಿಲ್ಲ, ಲಿಪಿಯಲ್ಲಷ್ಟೇ ಇದೆ. ಅಚ್ಚಾದ ಪಠ್ಯಗಳನ್ನೇ ಆಧರಿಸಿ ರೂಪಾವಳಿಗಳನ್ನು ಸಂಗ್ರಹಿಸುವ, ಭಾಷೆಗಳ ನಡುವೆ ಹೋಲಿಕೆ ಮಾಡುವ ಅಧ್ಯಯನಕಾರನಿಗೆ ಇವೆರಡೂ ಒಂದೇ ಬಗೆಯವಾಗಿ ಕಾಣುತ್ತವೆ. ಉತ್ತಮಪುರುಷವೂ ಪ್ರಥಮಪುರುಷ ಪುಲ್ಲಿಂಗವೂ ಸಮರೂಪವಾಗಿರುವ ಭಾಷೆಗಳ ಪಟ್ಟಿಗೆ ತುಳು ಸೇರಿಬಿಡುತ್ತದೆ. ಇಲ್ಲದ ಲಕ್ಷಣವೊಂದನ್ನು ಒಂದು ಭಾಷೆಗೆ ಆರೋಪಿಸಿದಂತಾಗುತ್ತದೆ.

ವ್ಯತ್ಯಾಸ ನುಡಿಯಲ್ಲಿ ನಿಜವಾಗಿಯೂ ಇದೆಯೆ, ಅಥವಾ ಇದು ಕೆಲವರ ಕಿವಿಯ ಸೂಕ್ಷ್ಮವೆ ಎಂದು ಸಂಶಯಪಡುವವರು ನಿಷೇಧರೂಪಗಳನ್ನು ಗಮನಿಸಬೇಕು. ‘ಬರ್ಪು’ (ಬರು) ಧಾತುವಿನ ವರ್ತಮಾನಕಾಲದ ನಿಷೇಧದಲ್ಲಿ ‘ಯಾನ್ ಬರ್ಪುಜಿ’ (ನಾನು ಬರುವುದಿಲ್ಲ), ‘ಆಯೆ ಬರ್ಪುಜೆ’ (ಅವನು ಬರುವುದಿಲ್ಲ). ಇಲ್ಲಿ ಇಕಾರ ಮತ್ತು ಎಕಾರ. ಕನ್ನಡ ಲಿಪಿಗೆ ಯಾವ ಕಷ್ಟವೂ ಇಲ್ಲ. ಸ್ವಾರಸ್ಯವೆಂದರೆ ನಿಷೇಧದಲ್ಲಿ ಉತ್ತಮಪುರುಷ ನಪುಂಸಕದೊಡನೆ ಸೇರುತ್ತದೆ: ‘ಬರ್ಸ ಬರ್ಪುಜಿ’ (ಮಳೆ ಬರುವುದಿಲ್ಲ) ಎಂಬಲ್ಲಿಯೂ ಅದೇ ರೂಪ. ಅಂದರೆ ತುಳು ತನ್ನ ರೂಪಾವಳಿಯಲ್ಲಿ ಉತ್ತಮಪುರುಷವನ್ನು ಬೇರೆ ಕೋಶಗಳೊಡನೆ ಬೆರೆಸಲು ಹಿಂಜರಿಯುವುದಿಲ್ಲ, ಆದರೆ ಇದೇ ಕೋಶದೊಡನೆ, ಎಂದರೆ ‘ಅವನು’ ಎಂಬುದರೊಡನೆ, ವಿಧಿರೂಪದಲ್ಲಿಯೂ ನಿಷೇಧರೂಪದಲ್ಲಿಯೂ ಬೆರೆಸಿಲ್ಲ. ಲಿಪಿ ಬೆರೆಸಿರುವುದು ಅದನ್ನೇ.

ಹಳಗನ್ನಡದ ‘ಮಾಡುವೆಂ’, ‘ಮಾಡುವಂ’ ರೂಪಗಳನ್ನು ಪಕ್ಕದಲ್ಲಿಟ್ಟರೆ ಸ್ವರಗಳ ಅನುರೂಪತೆ ಕಾಣುತ್ತದೆ. ಕನ್ನಡದಲ್ಲಿ ಎಕಾರವಿರುವಲ್ಲಿ ತುಳುವಿನ ಉತ್ತಮಪುರುಷ ವಿವೃತವಾಗಿದೆ. ಅಕಾರವಿರುವಲ್ಲಿ ಪ್ರಥಮಪುರುಷ ಎಕಾರವಾಗಿದೆ. ಕೊನೆಯ ಅನುನಾಸಿಕ ಎರಡರಲ್ಲಿಯೂ ಇಲ್ಲ. ಎರಡು ಸ್ವರಗಳೂ ಪರಸ್ಪರ ಹತ್ತಿರಕ್ಕೆ ಬಂದಿವೆ, ಆದರೆ ಒಂದಾಗಿಲ್ಲ. ಆ ಉಳಿದ ಅಂತರದ ಮೇಲೆಯೇ ವರ್ತಮಾನಕಾಲದ ಮಾತ್ರವಲ್ಲ, ಭೂತ ಮತ್ತು ಭವಿಷ್ಯತ್ತಿನ ಪುರುಷಭೇದವೂ ನಿಂತಿದೆ: ‘ಮಲ್ತೆʼ’ (ಮಾಡಿದೆನು), ‘ಮಲ್ತೆ’ (ಮಾಡಿದನು). ಕ್ರಿಯೆ ನಡೆಯುತ್ತಿರುವುದನ್ನು ಹೇಳುವ ಸಂಯುಕ್ತ ರೂಪವೂ ಇದರಿಂದ ಪಾರಾಗುವುದಿಲ್ಲ. ‘ಮಲ್ತೊಂದುಲ್ಲೆʼ’ ಎಂದರೆ ‘ಮಾಡುತ್ತಿದ್ದೇನೆ’, ‘ಮಲ್ತೊಂದುಲ್ಲೆ’ ಎಂದರೆ ‘ಮಾಡುತ್ತಿದ್ದಾನೆ’. ಸಹಾಯಕ ಕ್ರಿಯಾಪದವಾದ ‘ಉಲ್ಲೆʼ’, ‘ಉಲ್ಲೆ’ಗಳಲ್ಲಿಯೇ ಅದೇ ಭೇದವಿದೆ.

ಭೂತಕಾಲದ ಕಥನದಲ್ಲಿ ಯಾರು ಏನು ಮಾಡಿದರೆಂಬುದು ಸಾಮಾನ್ಯವಾಗಿ ಘಟನಾಸರಣಿಯಿಂದಲೇ ತಿಳಿಯುತ್ತದೆ. ವರ್ತಮಾನಕಾಲ, ಅದರಲ್ಲೂ ರೂಢಿಯನ್ನು ಹೇಳುವ ವರ್ತಮಾನ, ಹಾಗಲ್ಲ. ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ, ಯಾರು ಎಲ್ಲಿಗೆ ಹೋಗುತ್ತಾರೆ ಎಂಬಂಥ ಮಾತುಗಳಲ್ಲಿ ‘ನಾನು’ ಮತ್ತು ‘ಅವನು’ ಒಂದಾದ ಮೇಲೊಂದು ಬರುತ್ತವೆ. ಕ್ಷೇತ್ರಕಾರ್ಯದ ಸಂದರ್ಶನಗಳು ತುಂಬಿರುವುದು ಇಂಥ ಮಾತುಗಳಿಂದಲೇ.

3. ಕಾಲಸೂಚಕದ ಕುರಿತು ಒಂದು ಎಚ್ಚರಿಕೆ

ಪುರುಷಪ್ರತ್ಯಯದ ವಿಚಾರ ಮುಂದುವರಿಸುವ ಮುನ್ನ, ವಿದ್ಯಾರ್ಥಿಗಳು ಮೇಲಿಂದಮೇಲೆ ಎಡವುವ ಇನ್ನೊಂದು ಜಾಗವನ್ನು ತೋರಿಸಬೇಕು. ಕನ್ನಡದಲ್ಲಿ ‘ಮಾಡುತ್ತೇನೆ’ ಎಂಬ ರೂಪ ವರ್ತಮಾನಕ್ಕೂ ಭವಿಷ್ಯಕ್ಕೂ ಸಲ್ಲುತ್ತದೆ. ತುಳು ಎರಡನ್ನೂ ಬೇರೆಯಾಗಿ ಇಟ್ಟುಕೊಂಡಿದೆ. ‘ಬರ್ಸ ಬರ್ಪುಂಡು’ ಎಂದರೆ ಮಳೆ ಬರುತ್ತಿದೆ. ‘ಬರ್ಸ ಬರು’ ಎಂದರೆ ಮಳೆ ಬಂದೀತು. ‘ಆಪುಂಡು’ ಎಂದರೆ ಆಗುತ್ತದೆ. ‘ಆವು’ ಎಂದರೆ ಆಗುವುದು. ಪುತ್ತೂರಿನ ಪೇಟೆಯಲ್ಲಿ ದಿನಕ್ಕೆ ನೂರು ಸಲ ‘ಸರಿ, ಆಗಲಿ’ ಎಂಬ ಒಪ್ಪಿಗೆಯ ಮಾತಾಗಿ ಕೇಳುವ ‘ಆವು’ ಇದೇ.

ಹೀಗೆ ‘ಬರ್ಪುಂಡು’, ‘ಪೋಪುಂಡು’, ‘ಆಪುಂಡು’ಗಳನ್ನು ‘ಬರು’, ‘ಪೋವು’, ‘ಆವು’ಗಳೊಡನೆ ಹೋಲಿಸಿದವರು ಪಕಾರವೇ ವರ್ತಮಾನಸೂಚಕವೆಂದು ತೀರ್ಮಾನಿಸುತ್ತಾರೆ. ಈ ಧಾತುಗಳ ಮಟ್ಟಿಗೆ ಅದು ಸರಿ: ‘ಬರ್ಪೆʼ’ ವರ್ತಮಾನ, ‘ಬರುವೆʼ’ ಭವಿಷ್ಯತ್, ‘ಪೋಪೆʼ’ ವರ್ತಮಾನ, ‘ಪೋವೆʼ’ ಭವಿಷ್ಯತ್. ಆದರೆ ‘ಮಲ್ಪು’ ಧಾತುವಿನಲ್ಲಿ ಪಕಾರ ಎರಡು ಕಾಲಗಳಲ್ಲಿಯೂ ಇರುತ್ತದೆ. ‘ಮಲ್ಪುವೆʼ’ ವರ್ತಮಾನ, ‘ಮಲ್ಪೆʼ’ ಭವಿಷ್ಯತ್. ಒಂದು ಗುಂಪಿನಲ್ಲಿ ‘ಉವ’ ಅಥವಾ ವಕಾರ ಭವಿಷ್ಯವನ್ನು ತೋರಿಸಿದರೆ ಇನ್ನೊಂದರಲ್ಲಿ ಅದೇ ತುಣುಕು ವರ್ತಮಾನವನ್ನು ತೋರಿಸುತ್ತದೆ. ‘ಬರ್ಪೆʼ’ ಮತ್ತು ‘ಮಲ್ಪೆʼ’ ನೋಡಲು ಅವಳಿಗಳಂತಿದ್ದರೂ ಒಂದು ಇಂದಿನದು, ಇನ್ನೊಂದು ನಾಳೆಯದು. ಆದುದರಿಂದ ಆಕೃತಿಮಾಗಳನ್ನು ವಿಂಗಡಿಸುವಾಗ ಕಾಲಸೂಚಕವನ್ನು ಧಾತುವರ್ಗಕ್ಕೆ ತಕ್ಕಂತೆ ಗುರುತಿಸಬೇಕೇ ಹೊರತು ಒಂದೇ ಪ್ರತ್ಯಯಕ್ಕೆ ಎಲ್ಲೆಡೆಯೂ ಒಂದೇ ಅರ್ಥವನ್ನು ಅಂಟಿಸಬಾರದು. ಬಳಕೆಯಲ್ಲಿ ಗೆರೆ ಇನ್ನಷ್ಟು ಮಸುಕಾಗುತ್ತದೆ. ‘ಏಪ ಬರ್ಪ?’ (ಯಾವಾಗ ಬರುತ್ತೀ?) ಎಂಬುದಕ್ಕೆ ‘ಎಲ್ಲೆ ಬರ್ಪೆʼ’ (ನಾಳೆ ಬರುತ್ತೇನೆ) ಎಂದು ವರ್ತಮಾನದಲ್ಲಿಯೇ ಉತ್ತರಿಸುವುದು ಸಹಜ, ನಿಶ್ಚಯಿಸಿಕೊಂಡ ನಾಳೆ ವರ್ತಮಾನದ ಪಾಲಿಗೆ ಬರುತ್ತದೆ, ಊಹೆಯ ನಾಳೆ ಭವಿಷ್ಯತ್ತಿನ ಪಾಲಿಗೆ ಉಳಿಯುತ್ತದೆ.

ಈ ಪ್ರಶ್ನೋತ್ತರದಲ್ಲಿ ಸರ್ವನಾಮ ಒಂದೂ ಇಲ್ಲವೆಂಬುದನ್ನು ಗಮನಿಸಿ. ಉತ್ತರಿಸುವವನು ಕೊನೆಯ ಸ್ವರವನ್ನು ಸಂವೃತವಾಗಿ ‘ಎಲ್ಲೆ ಬರ್ಪೆ’ ಎಂದನಾದರೆ ‘ಅವನು ನಾಳೆ ಬರುತ್ತಾನೆ’ ಎಂದಂತಾಗುತ್ತದೆ. ಕೇಳಿದ್ದಕ್ಕೆ ಅದು ಉತ್ತರವೇ ಅಲ್ಲ. ಕನ್ನಡ ಮನೆಮಾತಿನವರು ತುಳು ಕಲಿಯುವಾಗ ಆಗುವುದು ಇದೇ. ಅವರ ಬಾಯಿಗೆ ಬರುವುದು ಕನ್ನಡದ ಎಕಾರ. ತಮ್ಮ ಬಗ್ಗೆ ಹೇಳುತ್ತಿದ್ದೇವೆಂದು ಅವರು ಭಾವಿಸಿರುತ್ತಾರೆ, ಕೇಳುವವರು ‘ಯಾರು?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಹವ್ಯಕ ಮನೆಯಲ್ಲಿ ಹುಟ್ಟಿ, ತುಳುವನ್ನು ಅಂಗಳದಾಚೆ ಕಲಿತ ನಾನೂ ಬಾಲ್ಯದಲ್ಲಿ ಈ ಮರುಪ್ರಶ್ನೆಯನ್ನು ಸಾಕಷ್ಟು ಸಲ ಎದುರಿಸಿದ್ದೇನೆ. ಕಿವಿಯೂ ನಾಲಗೆಯೂ ಕಲಿತದ್ದನ್ನು ಕೈ ಮಾತ್ರ ಕಲಿಯಲಿಲ್ಲ.

4. ಲಿಪಿಯ ಚರಿತ್ರೆ

ಈ ವ್ಯತ್ಯಾಸ ವಿದ್ವಾಂಸರಿಗೆ ತಿಳಿಯದೆ ಇದ್ದುದಲ್ಲ. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಜೆ. ಬ್ರಿಗೆಲ್ ಅವರ ತುಳು ವ್ಯಾಕರಣದಲ್ಲಿಯೇ ಈ ವಿವೃತ ಸ್ವರಕ್ಕೆ ಸ್ಥಾನವಿದೆ. 1932ರ ತಮ್ಮ ತುಳು ವ್ಯಾಕರಣದಲ್ಲಿ ಎಸ್. ಯು. ಪಣಿಯಾಡಿಯವರು ಇದಕ್ಕಾಗಿ ಕನ್ನಡ ಲಿಪಿಯಲ್ಲಿಯೇ ಒಂದು ಉಪಾಯ ಹೂಡಿದರು: ಅಕ್ಷರದ ಮೇಲೆ ಎರಡು ತಲೆಕಟ್ಟು. ಡಿ. ಎನ್. ಶಂಕರ ಭಟ್ಟರ ತುಳುವಿನ ವರ್ಣನಾತ್ಮಕ ವಿಶ್ಲೇಷಣೆ 1967ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಉಡುಪಿಯಿಂದ 1988ರಲ್ಲಿ ಹೊರಬರತೊಡಗಿದ ತುಳು ನಿಘಂಟು ಪಣಿಯಾಡಿಯವರ ಜೋಡಿ ತಲೆಕಟ್ಟನ್ನೇ ಸ್ವೀಕರಿಸಿತು. ಅಂದರೆ ವ್ಯಾಕರಣ ಮತ್ತು ನಿಘಂಟುಗಳಲ್ಲಿ ಪರಿಹಾರ ಸಿದ್ಧವಾಗಿಯೇ ಇತ್ತು. ಅಲ್ಲಿಂದ ಅದು ಕಥೆ, ನಾಟಕ, ಪತ್ರಿಕೆ, ಪಾಠಪುಸ್ತಕಗಳಿಗೆ ಇಳಿದು ಬರಲಿಲ್ಲ. ಸಾಮಾನ್ಯ ಮುದ್ರಣಾಲಯದ ಅಚ್ಚಿನ ಮೊಳೆಗಳಲ್ಲಿ ಇಲ್ಲದ, ಇಂದಿನ ಕೀಲಿಮಣೆಯಲ್ಲಿಯೂ ಇಲ್ಲದ ಚಿಹ್ನೆಯ ಗತಿ ಅಷ್ಟೇ.

ತುಳುವಿನ ಇನ್ನೊಂದು ವಿಶಿಷ್ಟ ಸ್ವರದ ಭಾಗ್ಯ ಬೇರೆಯಾಯಿತು. ‘ಎಂಕ್’ (ನನಗೆ), ‘ಊರುಡ್’ (ಊರಿನಲ್ಲಿ) ಮೊದಲಾದ ಪದಗಳ ಕೊನೆಯಲ್ಲಿ ಕೇಳುವ, ತುಟಿ ದುಂಡಗಾಗದ ಉಕಾರವನ್ನು ಕನ್ನಡ ಲಿಪಿಯ ಅರ್ಧಾಕ್ಷರದಿಂದ ತೋರಿಸುವ ವಾಡಿಕೆ ಬೇರೂರಿತು. ಹೊಸ ಚಿಹ್ನೆ ಬೇಕಾಗಲಿಲ್ಲ. ಇದ್ದ ಚಿಹ್ನೆಗೆ ಹೊಸ ಕೆಲಸ ಕೊಟ್ಟರಾಯಿತು. ವಿವೃತ ಎಕಾರಕ್ಕೆ ಅಂಥ ಬಿಡುವಿನ ಚಿಹ್ನೆ ಸಿಗಲಿಲ್ಲ. ‘ಬ್ಯಾಂಕ್’ ಎಂದು ಬರೆಯುವಂತೆ ‘ಮಲ್ಪುವ್ಯಾ’ ಎಂದು ಬರೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಸ್ವರವನ್ನು ದೀರ್ಘಗೊಳಿಸುತ್ತದೆ, ಇಲ್ಲದ ಯಕಾರವನ್ನು ತರುತ್ತದೆ. ತುಳುವರ ಕಣ್ಣಿಗಂತೂ ಅದು ಹಾಸ್ಯದ ಬರೆಹದಂತೆ ಕಾಣುತ್ತದೆ.

ತುಳು ಲಿಪಿಗೆ ಮರಳಿದರೆ ಸಮಸ್ಯೆ ಬಗೆಹರಿಯುತ್ತದೆಂಬ ಮಾತು ಈಚೆಗೆ ಹೆಚ್ಚಾಗಿ ಕೇಳುತ್ತಿದೆ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿ ಸೇರಿದ್ದು ಸಂತೋಷದ ವಿಷಯವೇ. ಆದರೆ ಬಹುಪಾಲು ಸಂಸ್ಕೃತ ಗ್ರಂಥಗಳ ಬರೆವಣಿಗೆಯಲ್ಲಿ ರೂಪುಗೊಂಡ ಆ ಲಿಪಿಯಲ್ಲಿ ಹ್ರಸ್ವ ಎಕಾರಕ್ಕೂ ದೀರ್ಘ ಏಕಾರಕ್ಕೂ ಪ್ರತ್ಯೇಕ ಅಕ್ಷರಗಳಿಲ್ಲ. ವಿವೃತ, ಸಂವೃತಗಳ ಮಾತು ಹಾಗಿರಲಿ, ಕನ್ನಡ ಲಿಪಿ ಸಲೀಸಾಗಿ ತೋರಿಸುವ ಭೇದವನ್ನೂ ಅಲ್ಲಿ ಹೊಸದಾಗಿ ಕಟ್ಟಿಕೊಳ್ಳಬೇಕು. ಲಿಪಿಯ ಅಭಿಮಾನವೂ ವರ್ಣವ್ಯವಸ್ಥೆಯ ಅಗತ್ಯವೂ ಬೇರೆ ಬೇರೆ ವಿಚಾರಗಳು.

ಸಣ್ಣ ಗುರುತೊಂದು ಜನಬಳಕೆಯಲ್ಲಿ ನಿಲ್ಲಲಾರದೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಪುತ್ತೂರು, ಸುಳ್ಯ ಸೀಮೆಯ ಹವ್ಯಕ ಕನ್ನಡದ ಬರೆಹಗಾರರು ‘ಅವ° ಬತ್ತ°’ (ಅವನು ಬರುತ್ತಾನೆ) ಎಂದು ಮೇಲೊಂದು ಸೊನ್ನೆಯಿಟ್ಟು ಅನುನಾಸಿಕವನ್ನು ತೋರಿಸುತ್ತಾರೆ. ಯಾವ ಸಮಿತಿಯೂ ಕೂತು ನಿರ್ಣಯಿಸದೆ ಹಬ್ಬಿದ ವಾಡಿಕೆ ಅದು. ಅದೂ ರೂಪಾವಳಿಯ ಅದೇ ಕೋಶದಲ್ಲಿ, ಪ್ರಥಮಪುರುಷ ಪುಲ್ಲಿಂಗ ಏಕವಚನದಲ್ಲಿ! (ಹವ್ಯಕದಲ್ಲಿ ಹೆಂಗಸರಿಗೆ ನಪುಂಸಕದ ರೂಪವೇ ಸಲ್ಲುತ್ತದೆ: ‘ಅಜ್ಜಿ ಬತ್ತು’. ಸೊನ್ನೆಯ ಭಾಗ್ಯ ಗಂಡಸರಿಗೆ ಮಾತ್ರ.) ಡಿಗ್ರಿಯನ್ನು ತೋರಿಸಲು ಕೀಲಿಮಣೆಯಲ್ಲಿ ಆಗಲೇ ಇದ್ದ ಗುರುತಾದುದರಿಂದ ಅದು ಗೆದ್ದಿತೆಂದು ನನ್ನ ಅನಿಸಿಕೆ, ಜೋಡಿ ತಲೆಕಟ್ಟಿಗೆ ಆ ಅನುಕೂಲವಿರಲಿಲ್ಲ.

ಬರೆಹ ಮತ್ತು ಮಾತುಗಳ ನಡುವಿನ ಈ ಅಂತರಕ್ಕೆ ವೆಲ್ಶ್ ಭಾಷೆಯ ವರ್ತಮಾನಕಾಲ ಒಂದು ಒಳ್ಳೆಯ ತಿರುಗುಮುರುಗಿನ ನಿದರ್ಶನ. ಆ ಭಾಷೆಯ ಶಿಷ್ಟ ಬರೆಹದಲ್ಲಿ ‘ಹಾಡುತ್ತೇನೆ’ ಎಂಬುದು ‘ಕನವ್’; ಆಡುಮಾತಿನಲ್ಲಿ ಕೊನೆಯ ವಕಾರ ಸವೆದು ‘ಕನ’ ಉಳಿದಿದೆ, ಅದರ ಬೆನ್ನಿಗೆ ‘ನಾನು’ ಎಂಬರ್ಥದ ‘ಇ’ ಬಂ‌ದು ಸೇರಿಕೊಂಡು ‘ಕನ ಇ’ ಆಗಿದೆ. ಅಷ್ಟೇ ಅಲ್ಲ, ಆಡುಮಾತಿನಲ್ಲಿ ಈ ರೂಪ ಭವಿಷ್ಯದ ಕಡೆಗೆ ಸರಿದು, ವರ್ತಮಾನದ ಕೆಲಸವನ್ನು ‘ಇರು’ ಎಂಬರ್ಥದ ಸಹಾಯಕ ಕ್ರಿಯಾಪದ ವಹಿಸಿಕೊಂಡಿದೆ. ಅಲ್ಲಿ ಮಾತು ಕಳೆದುಕೊಂಡದ್ದನ್ನು ಬರೆಹ ಉಳಿಸಿಕೊಂಡಿದೆ. ತುಳುವಿನಲ್ಲಿ ಮಾತು ಉಳಿಸಿಕೊಂಡದ್ದನ್ನು ಬರೆಹ ಕಳೆದುಕೊಂಡಿದೆ. ಪ್ರತ್ಯಯ ಸವೆದಾಗ ಸರ್ವನಾಮ ಬಂದು ನಿಲ್ಲುತ್ತದೆಂಬುದು ಪರಿಚಿತ ಸಾಮಾನ್ಯೀಕರಣ. ತುಳುವಿನ ಅಚ್ಚಾದ ಪಠ್ಯವನ್ನಷ್ಟೇ ನೋಡಿದವನಿಗೆ, ಪ್ರತ್ಯಯ ಸವೆದರೂ ಸರ್ವನಾಮ ಬಾರದ ಅಪವಾದವೊಂದು ಸಿಕ್ಕಿತೆಂಬ ಭ್ರಮೆ ಹುಟ್ಟೀತು. ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ಅಂಥದೊಂದು ಪುಟವಿತ್ತೆಂದು ಒಪ್ಪಿಕೊಳ್ಳುತ್ತೇನೆ.

5. ಸಾಮಗ್ರಿಯ ಮೇಲಿನ ಪರಿಣಾಮ

2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆಯೆಂದು ಹೇಳಿದವರು 18,46,427 ಮಂದಿ. ದಕ್ಷಿಣ ಕನ್ನಡದಲ್ಲಿ ತುಳು ಶಾಲೆಗಳ ಐಚ್ಛಿಕ ವಿಷಯವಾಗಿದೆ. 2024ರ ಜೂನಿನಲ್ಲಿ ಗೂಗಲ್ ತನ್ನ ಅನುವಾದ ಸೇವೆಗೆ ಸೇರಿಸಿದ 110 ಭಾಷೆಗಳಲ್ಲಿ ತುಳುವೂ ಒಂದು. ಭಾಷೆ ಮನೆಯಿಂದ ಪಾಠಪುಸ್ತಕಕ್ಕೂ ಯಂತ್ರಕ್ಕೂ ದಾಟುತ್ತಿರುವ ಈ ಹೊತ್ತಿನಲ್ಲಿ ಲಿಪಿಯ ಕೊರತೆಯ ಪರಿಣಾಮ ಮೊದಲಿನಂತಿರುವುದಿಲ್ಲ. ಮನೆಯಲ್ಲಿ ತುಳುವಾಡುವವನು ‘ಮಲ್ಪುವೆ’ ಎಂಬ ಬರೆಹವನ್ನು ಓದಿ, ಸಂದರ್ಭವನ್ನು ಗ್ರಹಿಸಿ, ಸರಿಯಾದ ಸ್ವರವನ್ನು ತಾನೇ ತುಂಬಿಕೊಳ್ಳುತ್ತಾನೆ. ಬರೆಹದಿಂದಲೇ ಭಾಷೆಯನ್ನು ಕಲಿಯುವ ವಿದ್ಯಾರ್ಥಿಗೂ ಯಂತ್ರಕ್ಕೂ ತುಂಬಿಕೊಳ್ಳಲು ಒಳಗೇನೂ ಇರುವುದಿಲ್ಲ.

ಸುಳ್ಯ ಮತ್ತು ಕಡಬಗಳಲ್ಲಿ ಪ್ರಶ್ನೆ ಇನ್ನೂ ಒಂದು ಸುತ್ತು ಜಟಿಲವಾಗುತ್ತದೆ. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ರೂಪಿಸಿದ ಕಡಬ ತಾಲೂಕಿನಲ್ಲಿಯೂ ಸುಳ್ಯದಲ್ಲಿಯೂ ಅನೇಕ ಗೌಡ ಮನೆತನಗಳ ಮನೆಮಾತು ಅರೆಭಾಷೆ. ತುಳು ನೆರೆಹೊರೆಯ, ತೋಟದ, ಸಂತೆಯ ಮಾತು. ಹವ್ಯಕರಿಗೂ ಬ್ಯಾರಿಗಳಿಗೂ ಮಲೆಯಾಳ ಮಾತಾಡುವವರಿಗೂ ತುಳು ಎರಡನೆಯದೋ ಮೂರನೆಯದೋ ಆದ ನುಡಿ. ಇಂಥವರ ತುಳುವಿನಲ್ಲಿ ವಿವೃತ ಎಕಾರ ಉಳಿದಿದೆಯೆ, ಉಳಿದಿಲ್ಲವಾದರೆ ಅವರು ಸರ್ವನಾಮವನ್ನು ಹೆಚ್ಚಾಗಿ ಬಳಸುತ್ತಾರೆಯೆ ಎಂಬುದು ಡಾಕ್ಟರೇಟ್ ಅಧ್ಯಯನಕ್ಕೆ ಯೋಗ್ಯವಾದ ಪ್ರಶ್ನೆ. ಸ್ವರ ಬೆರೆತುಹೋದವರಲ್ಲಿ ಸರ್ವನಾಮ ಹೆಚ್ಚಿದ್ದು, ಬೆರೆಯದವರಲ್ಲಿ ಕಡಿಮೆಯಿದ್ದರೆ, ವೆಲ್ಶ್ ಚರಿತ್ರೆಯಲ್ಲಿ ಶತಮಾನಗಳಲ್ಲಿ ನಡೆದದ್ದನ್ನು ಒಂದೇ ಗ್ರಾಮದ ಎರಡು ಮನೆಗಳ ನಡುವೆ ನೋಡಿದಂತಾಗುತ್ತದೆ. ಈ ಅಧ್ಯಯನವನ್ನು ಕನ್ನಡ ಲಿಪಿಯ ಲಿಪ್ಯಂತರದಿಂದ ಮಾಡಲು ಮಾತ್ರ ಸಾಧ್ಯವೇ ಇಲ್ಲ.

ಪರೀಕ್ಷೆಯ ವಿಧಾನ ಕಷ್ಟದ್ದಲ್ಲ. ಸಹಜ ಮಾತಿನಿಂದ ಸರ್ವನಾಮವಿಲ್ಲದ ‘ಬರ್ಪೆʼ’, ‘ಬರ್ಪೆ’, ‘ಮಲ್ಪುವೆʼ’, ‘ಮಲ್ಪುವೆ’ ರೂಪಗಳನ್ನು ಕತ್ತರಿಸಿ ತೆಗೆದು, ಕ್ರಮವಿಲ್ಲದೆ ಜೋಡಿಸಿ, ಅದೇ ಊರಿನ ಬೇರೆ ಭಾಷಿಕರಿಗೆ ಕೇಳಿಸಿ, ‘ಇದು ತನ್ನ ಬಗ್ಗೆಯೋ ಬೇರೊಬ್ಬನ ಬಗ್ಗೆಯೋ’ ಎಂದಷ್ಟೇ ಕೇಳಬೇಕು. ಕ್ರಿಯಾರೂಪದ ಹಿಂದುಮುಂದಿನ ಪದಗಳು ಸುಳಿವು ನೀಡದಂತೆ ನೋಡಿಕೊಳ್ಳಬೇಕು. ಓದಿಸಿ ಧ್ವನಿಮುದ್ರಿಸುವುದಂತೂ ಕೂಡದು. ಬರೆದ ‘ಮಲ್ಪುವೆ’ಯನ್ನು ಓದುವಾಗ ಒಳ್ಳೆಯ ತುಳುವರೂ ಕನ್ನಡದ ಎಕಾರವನ್ನು ಬಾಯಿಗೆ ತಂದುಕೊಳ್ಳುವುದುಂಟು.

ಬರೆದುಕೊಳ್ಳುವ ಕ್ರಮದ ಬಗ್ಗೆ ಒಂದು ಮಾತು. ಕೆಲವರು ‘ಮಲ್ಪುವೆ’ಯ ಪಕ್ಕದಲ್ಲಿ 1 ಅಥವಾ 3 ಎಂಬ ಅಂಕೆ ಹಾಕಿ ಪುರುಷವನ್ನು ಸೂಚಿಸುತ್ತಾರೆ. ಇದು ಪರಿಹಾರವಲ್ಲ, ಸಮಸ್ಯೆಯನ್ನು ಮುಚ್ಚಿಡುವ ಬಗೆ. ಅಂಕೆ ಹಾಕುವವನು ಕೇಳಿದ್ದನ್ನು ಬರೆಯುತ್ತಿಲ್ಲ, ತಾನು ಅರ್ಥಮಾಡಿಕೊಂಡದ್ದನ್ನು ಬರೆಯುತ್ತಿದ್ದಾನೆ. ಮುಂದೆ ಅದೇ ಅಂಕೆಗಳನ್ನು ಎಣಿಸಿ ‘ಭಾಷಿಕರು ಪುರುಷವನ್ನು ಹೇಗೆ ಗುರುತಿಸುತ್ತಾರೆ’ ಎಂದು ನಿರ್ಣಯಿಸಿದರೆ ಅದು ಚಕ್ರಕ ದೋಷವಾಗುತ್ತದೆ. ಗುರುತು ಧ್ವನಿಯನ್ನು ತೋರಿಸಬೇಕು. ಅದು ಅಂತಾರಾಷ್ಟ್ರೀಯ ಧ್ವನಿಲಿಪಿಯ ಚಿಹ್ನೆಯಿರಲಿ, ಪಣಿಯಾಡಿಯವರ ಜೋಡಿ ತಲೆಕಟ್ಟಿರಲಿ, ಇಲ್ಲಿ ಬಳಸಿದ ಮೇಲ್ಗುರುತಿರಲಿ, ಆಯ್ಕೆ ಮುಖ್ಯವಲ್ಲ. ಕೇಳಿಸದಿದ್ದಾಗ ‘ಕೇಳಿಸಲಿಲ್ಲ’ ಎಂಬುದಕ್ಕೂ ಒಂದು ಗುರುತು ಬೇಕು, ಮತ್ತು ಅದನ್ನು ಬಳಸಲು ನಾಚಬಾರದು.

ಕಥೆ, ಪತ್ರಿಕೆಗಳ ಬರೆಹದಲ್ಲಿಯೂ ಗುರುತು ಕಡ್ಡಾಯವಾಗಬೇಕೆಂದು ನಾನು ಹೇಳುವುದಿಲ್ಲ. ಭಾಷೆ ಬಲ್ಲವನು ಬಲ್ಲವರಿಗಾಗಿ ಬರೆಯುವಾಗ ಅದರ ಅಗತ್ಯವಿಲ್ಲ. ಆದರೆ ಶಾಲೆಯ ಪಾಠಪುಸ್ತಕದಲ್ಲಿ ಕ್ರಿಯಾಪದಗಳ ರೂಪಾವಳಿಯನ್ನು ಕೊಡುವಾಗ ‘ಯಾನ್ ಬರ್ಪೆ, ಆಯೆ ಬರ್ಪೆ’ ಎಂದು ಒಂದರ ಕೆಳಗೊಂದು ಬರೆದು ಸುಮ್ಮನಾಗುವುದು ಸರಿಯಲ್ಲ. ಮನೆಯಲ್ಲಿ ತುಳುವಿಲ್ಲದ ಮಗು ಎರಡೂ ಒಂದೇ ಎಂದು ಕಲಿಯುತ್ತದೆ. ಮನೆಯಲ್ಲಿ ತುಳುವಿರುವ ಮಗು, ತನ್ನ ಕಿವಿ ಹೇಳುವುದು ವ್ಯಾಕರಣದಲ್ಲಿ ಇಲ್ಲವೆಂದು ಕಲಿಯುತ್ತದೆ. ಎರಡನೆಯದು ಹೆಚ್ಚಿನ ಹಾನಿ.

ಮೊದಲ ವಾಕ್ಯಗಳಿಗೆ ಮರಳುವುದಾದರೆ, ಕಳೆದ ವರ್ಷ ಆ ಮನೆಗೆ ಮತ್ತೆ ಹೋಗಿದ್ದೆ. ತೀರಿಕೊಂಡ ಹಿರಿಯರ ಪತ್ನಿ ಇದ್ದರು. ಪುಸ್ತಕ ತೆರೆದು ಮೂರು ವಾಕ್ಯಗಳನ್ನು ಓದಿ ಹೇಳಿದೆ. ಮಗ ತೋಟದ ಕೆಲಸ ಮಾಡುವನೆಂದು ಯಾರು ಹೇಳಿದರು ಎಂದು ಅವರು ನಕ್ಕರು. ಒಂದು ಕ್ಷಣ ಉತ್ತರ ಸಿಕ್ಕಿತೆಂದೇ ಅನ್ನಿಸಿತು. ಆದರೆ ನಾನು ಓದಿದ್ದು ನನ್ನ ಬರೆಹವನ್ನು, ಕನ್ನಡದ ಎಕಾರದಲ್ಲಿ. ಅವರು ‘ಮಾಡುತ್ತಾನೆ’ ಎಂದು ಕೇಳಿಸಿಕೊಂಡದ್ದು ಆ ಓದಿನಿಂದ. ಮಗ ಕೆಲಸ ಮಾಡುತ್ತಾನೋ ಇಲ್ಲವೋ ಎಂಬುದು ಅವರಿಗೆ ಗೊತ್ತು, ಆ ದಿನ ಗಂಡ ಏನೆಂದರೆಂಬುದು ಅವರಿಗೂ ಗೊತ್ತಿರಲು ಸಾಧ್ಯವಿಲ್ಲ. ಧ್ವನಿಮುದ್ರಣ ಉಳಿದಿರುವ ಸಂದರ್ಶನಗಳನ್ನೆಲ್ಲ ಮರಳಿ ಕೇಳಿ ಎಕಾರಗಳನ್ನು ಗುರುತಿಸುವ ಕೆಲಸ ಈಗ ನಡೆಯುತ್ತಿದೆ. ಈ ಸಾಲಿನ ಎದುರು ಕರ್ತೃವಿನ ಅಂಕಣದಲ್ಲಿ ‘ಅನಿಶ್ಚಿತ’ ಎಂದು ಬರೆದು, ಎಣಿಕೆಯಿಂದ ಹೊರಗಿಟ್ಟಿದ್ದೇನೆ.